ಲಡಾಖ್ ಬೈಕ್ ಪ್ಯಾಕೇಜ್: ರಾತ್ರಿ ಎಲ್ಲಿ ಮಲಗಿಸುತ್ತಾರೆ, ಮೊದಲು ಅದನ್ನು ನೋಡಿ

ಪ್ರಶ್ನೆ: ನನಗೆ 51 ವರ್ಷ, ಹೆಂಡತಿಗೆ 46. ಹುಬ್ಬಳ್ಳಿಯಲ್ಲಿದ್ದೇವೆ. 2022ರ ಕ್ಲಾಸಿಕ್ 350 ನನ್ನದು. ಗೋವಾ, ಆಗುಂಬೆ, ಚಿಕ್ಕಮಗಳೂರು ಎಲ್ಲ ಇಬ್ಬರೂ ಬೈಕಿನಲ್ಲೇ ಹೋಗಿಬಂದಿದ್ದೇವೆ. ಈ ಸಲ ಜುಲೈ ಮೂರನೇ ವಾರದಲ್ಲಿ ಲಡಾಖ್ ಗೈಡೆಡ್ ಟೂರ್‌ಗೆ ಮುಂಗಡ ಕೊಟ್ಟಿದ್ದೇನೆ. ಏಳು ರಾತ್ರಿ, ಎಂಟು ಹಗಲು. ಮೊದಲ ರಾತ್ರಿ ಮನಾಲಿ, ಎರಡನೇ ರಾತ್ರಿ ಸರ್ಚು ಟೆಂಟ್, ಮೂರನೇ ರಾತ್ರಿ ಲೇಹ್, ಮರುದಿನವೇ ಖರ್ದುಂಗ್ ಲಾ ದಾಟಿ ಹುಂಡರ್, ಆಮೇಲೆ ಪಾಂಗಾಂಗ್, ಮತ್ತೆ ಲೇಹ್, ಜಿಸ್ಪಾ, ಮನಾಲಿ. ಬೈಕು ಅವರದೇ, ಮನಾಲಿಯಲ್ಲಿ ಕೊಡುತ್ತಾರೆ. ಹಿಂದೆ ಮೆಕ್ಯಾನಿಕ್ ಇರುವ ಬ್ಯಾಕಪ್ ಗಾಡಿ ಬರುತ್ತದಂತೆ. ನನಗೆ ಬಿಪಿ ಇದೆ, ಆಮ್ಲೋಡಿಪಿನ್ 5 ಮಿ.ಗ್ರಾಂ. ತೆಗೆದುಕೊಳ್ಳುತ್ತೇನೆ, ಹತೋಟಿಯಲ್ಲಿದೆ. ಕರ್ಪೂರ ಮೂಸುತ್ತಿದ್ದರೆ ಸಾಕು, ಜೊತೆಗೊಂದು ಆಕ್ಸಿಜನ್ ಕ್ಯಾನ್ ಇಟ್ಟುಕೋ ಎಂದು ಗೆಳೆಯರು ಹೇಳುತ್ತಾರೆ. ಇಬ್ಬರನ್ನು ಹೊತ್ತು 350 ಬೈಕು ಅಷ್ಟು ಮೇಲೆ ಹತ್ತುತ್ತದೆಯೇ? ಗುಂಪಿನಲ್ಲೆಲ್ಲ ಹುಡುಗರು, ನಾನು ಹಿಂದೆ ಬಿದ್ದರೆ? ಈ ವಯಸ್ಸಿಗೆ ಇದು ಬೇಡವಾಗಿತ್ತೇ?

ಉತ್ತರ: ನಿಮ್ಮ ವಯಸ್ಸು, ಬಿಪಿ, ಬೈಕು ಮೂರೂ ನನಗೆ ದೊಡ್ಡ ಅಡ್ಡಿಯಾಗಿ ಕಾಣುತ್ತಿಲ್ಲ. ನನ್ನ ಕಣ್ಣು ನಿಂತದ್ದು ನೀವು ಯಾವ ಅನುಮಾನವೂ ಇಲ್ಲದೆ ಬರೆದ ‘ಎರಡನೇ ರಾತ್ರಿ ಸರ್ಚು’ ಎಂಬಲ್ಲಿ.

ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಸರ್ಚು 4,290ರಲ್ಲಿ. ಒಂದೇ ಹಗಲಿನಲ್ಲಿ ನೀವು ಮಲಗುವ ಜಾಗ 2,200 ಮೀಟರಿಗೂ ಹೆಚ್ಚು ಮೇಲೇರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು-ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಒಂದು ದಿನ ಉಳಿಯಿರಿ ಎನ್ನುವುದು ಪರ್ವತ ಪ್ರದೇಶದ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಗಲು ಐದು ಸಾವಿರ ಮೀಟರಿನ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ, ಅಲ್ಲಿಯವರ ಮಾತಿನಲ್ಲಿ ‘ಲಾ’) ಹತ್ತಿ ಹದಿನೈದು ನಿಮಿಷದಲ್ಲಿ ಇಳಿದುಬಿಟ್ಟರೆ ದೇಹ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ರಾತ್ರಿಯ ಮಾತು ಬೇರೆ. ನಿದ್ದೆಯಲ್ಲಿ ಉಸಿರಾಟ ನಿಧಾನವಾಗುತ್ತದೆ, ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ, ಅದೂ ಆರೇಳು ಗಂಟೆ ಒಂದೇ ಸಮನೆ. ಸರ್ಚುವಿನ ಟೆಂಟುಗಳಲ್ಲಿ ನಡುರಾತ್ರಿ ತಲೆ ಹಿಡಿದುಕೊಂಡು ಕೂರುವವರು, ವಾಂತಿ ಮಾಡುವವರು ಪ್ರತಿ ಸೀಸನ್ನಿನಲ್ಲೂ ಇದ್ದೇ ಇರುತ್ತಾರೆ. ಅವರಲ್ಲಿ ಮೂವತ್ತರೊಳಗಿನ ಗಟ್ಟಿಮುಟ್ಟು ಹುಡುಗರೂ ಸಾಕಷ್ಟು. ದೇಹದಾರ್ಢ್ಯಕ್ಕೂ ಎತ್ತರಕ್ಕೆ ಹೊಂದಿಕೊಳ್ಳುವ ಗುಣಕ್ಕೂ ಸಂಬಂಧ ಕಡಿಮೆ. ಘಾಟಿ ಓಡಿಸಿದ ನಿಮ್ಮ ಅನುಭವ ತಿರುವಿನಲ್ಲಿ ಉಪಯೋಗಕ್ಕೆ ಬರುತ್ತದೆ, ಉಸಿರಿಗೆ ಬರುವುದಿಲ್ಲ: ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಮನಾಲಿಗಿಂತ ತಗ್ಗು.

ಆ ದಾರಿಯ ಭೂಗೋಳ ಇದಕ್ಕಿಂತ ದೊಡ್ಡ ತೊಡಕು. ಎತ್ತರದ ಕಾಯಿಲೆ ಬಿಗಡಾಯಿಸಿದರೆ ನಂಬಬಹುದಾದ ಚಿಕಿತ್ಸೆ ಕೆಳಗಿಳಿಯುವುದು. ಸರ್ಚುವಿನಿಂದ ಮನಾಲಿ ಕಡೆ ಇಳಿಯಬೇಕೆಂದರೆ ಮೊದಲು 4,890 ಮೀಟರಿನ ಬಾರಾಲಾಚಾ ಲಾ ಹತ್ತಲೇಬೇಕು. ಇನ್ನೂ ಮುಂದೆ ಪಾಂಗ್‌ನಲ್ಲಿ (ಸುಮಾರು 4,600 ಮೀಟರ್) ಸಿಕ್ಕಿಕೊಂಡರೆ ಹಿಂದೆ 5,060ರ ಲಾಚುಂಗ್ ಲಾ, ಮುಂದೆ 5,300 ಮೀಟರ್ ದಾಟುವ ತಂಗ್ಲಂಗ್ ಲಾ. ಯಾವ ಕಡೆ ಇಳಿಯಲು ಹೊರಟರೂ ರೋಗಿಯನ್ನು ಮೊದಲು ಮೇಲಕ್ಕೆ ಹೊತ್ತೊಯ್ಯಬೇಕು. ಮೊದಲ ಸಲ ಬರುವವರ ಎರಡನೇ ರಾತ್ರಿಯನ್ನು ಇಂಥ ಜಾಗದಲ್ಲಿ ಇಡುವುದು ನನ್ನ ಪ್ರಕಾರ ಕೆಟ್ಟ ಯೋಜನೆ. ರಜೆ ಕಡಿಮೆ, ಎಂಟು ದಿನಕ್ಕೆ ಹೊಂದಿಸಿದರೆ ಪ್ಯಾಕೇಜ್ ಮಾರಾಟವಾಗುತ್ತದೆ. ಬಹಳ ಕಡೆ ಇದೇ ಮಾದರಿ ನಡೆಯುವುದು ಅದಕ್ಕೇ.

ಇದಕ್ಕೆ ಪರಿಹಾರ ಸರಳ: ಇದೇ ಸುತ್ತನ್ನು ತಿರುಗಿಸಿ. ಶ್ರೀನಗರದಿಂದ (1,585 ಮೀಟರ್) ಹೊರಟರೆ ಮೊದಲ ರಾತ್ರಿ ಅಲ್ಲೇ; ಎರಡನೆಯದು ಸುಮಾರು 200 ಕಿ.ಮೀ. ದೂರದ ಕಾರ್ಗಿಲ್‌ನಲ್ಲಿ, 2,676 ಮೀಟರ್. ನಡುವೆ 3,528ರ ಜೊಜಿ ಲಾ ಬರುತ್ತದೆ, ಆದರೆ ದಾಟಿ ಇಳಿದುಬಿಡುತ್ತೀರಿ. ಕಾರ್ಗಿಲ್‌ನಿಂದ ಲೇಹ್ (3,500) ಇನ್ನೊಂದು 215 ಕಿ.ಮೀ. ಅದನ್ನೂ ಮುರಿಯಬಹುದು: 3,100ರ ಆಸುಪಾಸಿನ ಅಲ್ಚಿಯಲ್ಲಿ ಒಂದು ರಾತ್ರಿ ತಂಗಿದರೆ ಏರಿಕೆ ಹದವಾಗಿರುತ್ತದೆ. ಲೇಹ್‌ನಲ್ಲಿ ಎರಡು ರಾತ್ರಿ ಪೂರ್ತಿ ಕಳೆದ ಮೇಲೆ ಖರ್ದುಂಗ್ ಲಾ. ಕೊನೆಯಲ್ಲಿ ಮನಾಲಿ ಕಡೆ ಇಳಿಯುವ ಹೊತ್ತಿಗೆ ನೀವು ಎತ್ತರದಲ್ಲಿ ವಾರ ಕಳೆದಿರುತ್ತೀರಿ. ಆಗ ಅದೇ ಸರ್ಚುವಿನಲ್ಲಿ ಮಲಗಿದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಇದಕ್ಕೆ ಹತ್ತು-ಹನ್ನೊಂದು ದಿನ ಬೇಕು. ಬೈಕನ್ನು ಒಂದು ಊರಲ್ಲಿ ಪಡೆದು ಇನ್ನೊಂದು ಊರಲ್ಲಿ ಬಿಡುವುದರಿಂದ ಅದನ್ನು ವಾಪಸ್ ಸಾಗಿಸುವ ಖರ್ಚೂ ನಿಮ್ಮ ಮೇಲೆ ಬೀಳುತ್ತದೆ. ಜೊಜಿ ಲಾದಲ್ಲಿ ಒಂದೊಂದು ದಿಕ್ಕಿಗೆ ಇಂತಿಷ್ಟು ಹೊತ್ತು ಎಂದು ಸಂಚಾರ ಬಿಡುವ ದಿನಗಳಿರುತ್ತವೆ, ಅರ್ಧ ದಿನ ಕಾಯಬೇಕಾಗಿ ಬರಬಹುದು.

ಮನಾಲಿಯಿಂದಲೇ ಹೋಗಬೇಕು ಎಂದಾದರೆ ಜಿಸ್ಪಾ ಅಥವಾ ಕೇಲಾಂಗ್‌ನಲ್ಲಿ (3,100–3,200 ಮೀಟರ್) ಎರಡು ರಾತ್ರಿ ಇರಿ. ಅಲ್ಲಿಂದ ನಸುಕಿನ ಐದಕ್ಕೆ ಹೊರಟು ಸರ್ಚು, ಪಾಂಗ್ ಎಲ್ಲೂ ತಂಗದೆ ಒಂದೇ ದಿನದಲ್ಲಿ ಲೇಹ್ ಸೇರುವುದು ಒಂದು ದಾರಿ. ಆದರೆ ಅದು 330 ಕಿ.ಮೀ. ಮೇಲ್ಪಟ್ಟ ಓಟ, ನಾಲ್ಕು ಪಾಸ್‌ಗಳು. ಒಂದು ಭೂಕುಸಿತವೋ ಕ್ಲಚ್ ರಿಪೇರಿಯೋ ಎದುರಾಗಿ ಕತ್ತಲಾದರೆ ಪಾಂಗ್‌ನಲ್ಲೇ ಉಳಿಯಬೇಕು, ಅಂದರೆ ತಪ್ಪಿಸಲು ಹೊರಟಿದ್ದಕ್ಕಿಂತ ಕೆಟ್ಟ ಜಾಗದಲ್ಲಿ. ಹಾಗಾಗಿ ಇದು ನನ್ನ ಎರಡನೇ ಆಯ್ಕೆ. ಮೂರನೆಯದು ವಿಮಾನದಲ್ಲಿ ನೇರ ಲೇಹ್‌ಗೆ ಇಳಿದು, ಮೊದಲ 48 ಗಂಟೆ ಬೈಕು ಮುಟ್ಟದೆ ವಿಶ್ರಾಂತಿ ತೆಗೆದುಕೊಂಡು, ಅಲ್ಲಿಯ ಬೈಕು ಬಾಡಿಗೆ ಪಡೆದು ಸುತ್ತುವುದು. ಇದರಲ್ಲೂ ದೇಹಕ್ಕೆ ಜಿಗಿತ ದೊಡ್ಡದೇ, ಆದರೆ ಆಸ್ಪತ್ರೆ ಊರಲ್ಲೇ ಇದೆ.

ಇನ್ನು ಕರ್ಪೂರ. ಮೂಸಿದರೆ ಮೂಗು ತೆರೆದಂತೆ, ಉಸಿರು ಸರಾಗವಾದಂತೆ ಅನಿಸುತ್ತದೆ. ರಕ್ತದ ಆಮ್ಲಜನಕ ಒಂದಂಕಿಯೂ ಏರುವುದಿಲ್ಲ. ‘ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ’ ಎನ್ನುವುದೂ ಸರಿಯಲ್ಲ. ಪಾಲು ಎಲ್ಲ ಕಡೆಯೂ ಶೇ. 21ರಷ್ಟೇ, ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು, ಖರ್ದುಂಗ್ ಲಾದಲ್ಲಿ ಅರ್ಧಕ್ಕಿಂತ ಕೊಂಚ ಹೆಚ್ಚು. (ಅಲ್ಲಿ ಬಹುಕಾಲ ಫೋಟೊ ತೆಗೆಸಿಕೊಳ್ಳುತ್ತಿದ್ದ ಬೋರ್ಡಿನಲ್ಲಿ 18,380 ಅಡಿ ಎಂದಿತ್ತು, ಜಿಪಿಎಸ್ ಅಳತೆಯಲ್ಲಿ ಸಿಗುವುದು 17,582 ಅಡಿ, ಅಂದರೆ 5,359 ಮೀಟರ್. ಉಸಿರಿಗೆ ಅದೇ ಸಾಕು.) ಅಂಗಡಿಯ ಆಕ್ಸಿಜನ್ ಕ್ಯಾನಿನಲ್ಲಿ ಹತ್ತು-ಹನ್ನೆರಡು ಲೀಟರ್ ಇರುತ್ತದೆ. ರೋಗಿಗೆ ನಿಮಿಷಕ್ಕೆ ಎರಡು ಲೀಟರ್ ಕೊಟ್ಟರೂ ಐದಾರು ನಿಮಿಷಕ್ಕೆ ಖಾಲಿ. ಬ್ಯಾಕಪ್ ಗಾಡಿಯಲ್ಲಿ ಇರಬೇಕಾದದ್ದು ಬಿ-ಟೈಪ್ ಸಿಲಿಂಡರ್: ಸುಮಾರು 1,500 ಲೀಟರ್, ಅದೇ ಲೆಕ್ಕದಲ್ಲಿ ಹನ್ನೆರಡು ಗಂಟೆ. ಸಿಲಿಂಡರ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ತುಂಬಿದೆಯೇ, ರೆಗ್ಯುಲೇಟರ್, ಮಾಸ್ಕ್, ವಾಲ್ವ್ ತೆರೆಯುವ ಕೀಲಿ ಜೊತೆಗಿವೆಯೇ ಎಂದು ಹೊರಡುವ ಬೆಳಿಗ್ಗೆ ತೆರೆಸಿ ನೋಡಿ. ಬೇಕಾದ ಹೊತ್ತಿಗೆ ಸಿಗದೆ ಹೋಗುವುದು ಹೆಚ್ಚಾಗಿ ಆ ಕೀಲಿಯೇ.

ನಿಜಕ್ಕೂ ಕೆಲಸ ಮಾಡುವ ಔಷಧ ಅಸಿಟಝೋಲಮೈಡ್, ಡೈಯಾಮಾಕ್ಸ್ ಎಂದು ಸಿಗುತ್ತದೆ. ತಡೆಗೆ ರೂಢಿಯಲ್ಲಿರುವ ಪ್ರಮಾಣ 125 ಮಿ.ಗ್ರಾಂ., ಅಂದರೆ 250ರ ಮಾತ್ರೆಯಲ್ಲಿ ಅರ್ಧ, ಬೆಳಿಗ್ಗೆ ಮತ್ತು ಸಂಜೆ. ಏರಲು ಶುರುಮಾಡುವ ಹಿಂದಿನ ದಿನದಿಂದ. ಅದು ಉಸಿರಾಟವನ್ನು ಚುರುಕುಗೊಳಿಸಿ ಹೊಂದಿಕೊಳ್ಳುವ ಕೆಲಸವನ್ನು ಬೇಗ ಮಾಡಿಸುತ್ತದೆ, ಲಕ್ಷಣಗಳನ್ನು ಮರೆಮಾಚುವುದಿಲ್ಲ. ಸಲ್ಫಾ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪದೇ ಪದೇ ಮೂತ್ರ ಬರುತ್ತದೆ, ಬೆರಳ ತುದಿ ಜುಮುಗುಟ್ಟುತ್ತದೆ. ಗ್ಲೌಸಿನೊಳಗೆ ಬೆರಳು ಜುಮುಗುಟ್ಟಿದಾಗ ಅದು ಚಳಿಯೋ ಮಾತ್ರೆಯೋ ತಿಳಿಯದೆ ಬೈಕ್ ಸವಾರರು ಗೊಂದಲಕ್ಕೆ ಬೀಳುತ್ತಾರೆ. ಹಾಗಾಗಿ ವೈದ್ಯರ ಒಪ್ಪಿಗೆ ಪಡೆದು ಹುಬ್ಬಳ್ಳಿಯಲ್ಲೇ ಒಂದು ದಿನ ತೆಗೆದುಕೊಂಡು ನೋಡಿ.

ಹತೋಟಿಯಲ್ಲಿರುವ ಬಿಪಿ ಲಡಾಖ್‌ಗೆ ಅಡ್ಡಿಯಲ್ಲ. ಮೇಲೆ ಹೋದ ಮೊದಲ ದಿನಗಳಲ್ಲಿ ಒತ್ತಡ ತುಸು ಏರುವುದು ಸಹಜ. ಅದಕ್ಕೆ ಹೆದರಿ ಮಾತ್ರೆ ಹೆಚ್ಚಿಸುವುದಾಗಲಿ, ‘ಡೈಯಾಮಾಕ್ಸ್ ಇದೆಯಲ್ಲ’ ಎಂದು ಆಮ್ಲೋಡಿಪಿನ್ ಬಿಡುವುದಾಗಲಿ ಬೇಡ. ಹೊರಡುವ ಮೊದಲು ಇಸಿಜಿ ಮಾಡಿಸಿ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವುದಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಮೊದಲ ಮೂರು ರಾತ್ರಿ ಮದ್ಯ ಬೇಡ. ನಿದ್ದೆ ಮಾತ್ರೆಯಂತೂ ಯಾವ ರಾತ್ರಿಯೂ ಬೇಡ. ಎರಡೂ ರಾತ್ರಿಯ ಉಸಿರನ್ನು ಇನ್ನಷ್ಟು ತಗ್ಗಿಸುತ್ತವೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಿ, ಆದರೆ ಅಂಕಿಗೆ ಜೋತುಬೀಳಬೇಡಿ. ಲೇಹ್‌ನಲ್ಲಿ 85ರಿಂದ 90 ಸಾಮಾನ್ಯ, ತಣ್ಣಗಾದ ಬೆರಳು ಅದಕ್ಕಿಂತಲೂ ಕಡಿಮೆ ತೋರಿಸುತ್ತದೆ. ನೋಡಬೇಕಾದದ್ದು ಲಕ್ಷಣ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇವುಗಳಲ್ಲಿ ಒಂದಿದ್ದರೂ ಅದು ಎತ್ತರದ ಕಾಯಿಲೆ ಎಂದೇ ಹಿಡಿಯಿರಿ. ಆ ರಾತ್ರಿ ಇನ್ನೂ ಮೇಲೆ ಮಲಗಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇದು ಹೆಚ್ಚಾಗಿ ಎರಡನೇ ರಾತ್ರಿಯ ಹೊತ್ತಿಗೆ ಹೊರಬೀಳುತ್ತದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಾಗದಿದ್ದರೆ, ಮಾತು ಅಸಂಬದ್ಧವಾದರೆ ಮೆದುಳು ಊದಿಕೊಳ್ಳುತ್ತಿದೆ. ಇವೆರಡರಲ್ಲಿ ಯಾವುದೇ ಆದರೂ ಆಕ್ಸಿಜನ್ ಹಾಕಿ ಆ ಕ್ಷಣವೇ ಕೆಳಗಿಳಿಸಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಗೆ ಇಂಥ ರೋಗಿಗಳು ಹೊಸಬರಲ್ಲ.

ಗೈಡೆಡ್ ಟೂರುಗಳ ದೌರ್ಬಲ್ಯ ಇಲ್ಲೇ ಬಯಲಾಗುವುದು. ಹುಷಾರಿಲ್ಲದವನ ಬೈಕನ್ನು ಬೇರೊಬ್ಬರಿಗೆ ಕೊಟ್ಟು, ಅವನನ್ನು ಬ್ಯಾಕಪ್ ಗಾಡಿಯಲ್ಲಿ ಕೂರಿಸಿ ಗುಂಪು ಮುಂದೆ ಹೊರಡುತ್ತದೆ. ನೋಡಿದವರಿಗೆ ಆರೈಕೆಯಂತೆ ಕಾಣುತ್ತದೆ, ಆದರೆ ರೋಗಿ ಹೋಗುತ್ತಿರುವುದು ಇನ್ನೂ ಮೇಲಕ್ಕೆ. ಒಂದೇ ಗಾಡಿ ಇರುವ ತಂಡಕ್ಕೆ ಬೇರೆ ದಾರಿಯೂ ಇಲ್ಲ. ಅದು ಒಬ್ಬರನ್ನು ಇಳಿಸಲು ಹೋದರೆ ಉಳಿದ ಹದಿನೈದು ಬೈಕಿಗೆ ಮೆಕ್ಯಾನಿಕ್ ಇಲ್ಲ, ಆಕ್ಸಿಜನ್ನೂ ಇಲ್ಲ. ‘ಸರ್ಚುವಿನಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬರನ್ನು ಇಳಿಸಬೇಕಾದರೆ ಯಾರು, ಯಾವ ಗಾಡಿಯಲ್ಲಿ ಕರೆದೊಯ್ಯುತ್ತಾರೆ?’ ಎಂದು ನಿಮ್ಮ ಕಂಪನಿಯನ್ನು ಕೇಳಿ. ಉತ್ತರ ಹೇಳಲು ತಡವರಿಸಿದರೆ ವ್ಯವಸ್ಥೆ ಇಲ್ಲವೆಂದೇ ಲೆಕ್ಕ.

ಬೈಕಿನ ವಿಷಯಕ್ಕೆ ಬರೋಣ. ಈಗಿನ ಕ್ಲಾಸಿಕ್ 350ರ ಶಕ್ತಿ ಸುಮಾರು 20 ಬಿಎಚ್‌ಪಿ. ಫ್ಯೂಯೆಲ್ ಇಂಜೆಕ್ಷನ್ ಇರುವುದರಿಂದ ಗಾಳಿ ತೆಳುವಾದಂತೆ ಪೆಟ್ರೋಲನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರ್ ಬೈಕುಗಳಂತೆ ಪ್ಲಗ್ ಕಪ್ಪಾಗಿ ನಿಂತುಹೋಗುವುದಿಲ್ಲ. ಆದರೆ ಇಲ್ಲದ ಗಾಳಿಯನ್ನು ಇಂಜೆಕ್ಷನ್ ತಂದುಕೊಡಲಾರದು. ಖರ್ದುಂಗ್ ಲಾ ಹತ್ತಿರ ನಿಮ್ಮ ಕೈಗೆ ಸಿಗುವುದು 11 ಬಿಎಚ್‌ಪಿ ಆಸುಪಾಸು, ಮೇಲೆ ಇಬ್ಬರ ತೂಕ. ಹತ್ತುತ್ತದೆ, ಒಂದು-ಎರಡನೇ ಗೇರಿನಲ್ಲಿ. ಕೆಡುವುದು ಇಂಜಿನ್ ಅಲ್ಲ, ಕ್ಲಚ್. ಹೇರ್‌ಪಿನ್ ತಿರುವಿನಲ್ಲಿ ಬೈಕು ಮುಗ್ಗರಿಸಿದಾಗ ಎರಡನೇ ಗೇರಿನಲ್ಲೇ ಅರ್ಧ ಕ್ಲಚ್ ಹಿಡಿದು ಆಕ್ಸಲರೇಟರ್ ತಿರುಚುತ್ತಾರೆ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ, ಸಂಜೆಯೊಳಗೆ ಬೈಕು ಕೂಗುತ್ತದೆ, ಮುಂದೆ ಹೋಗುವುದಿಲ್ಲ. ತಿರುವಿಗೆ ಮೊದಲೇ ಒಂದನೇ ಗೇರಿಗೆ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟು ಹತ್ತಿಸಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಹೆಂಡತಿಯನ್ನು ಕೂರಿಸಿಕೊಂಡೇ ಇದನ್ನು ರೂಢಿ ಮಾಡಿಕೊಳ್ಳಬಹುದು. 450ರ ಹಿಮಾಲಯನ್ ಸಿಗುವಂತಿದ್ದರೆ ಜೋಡಿ ಸವಾರಿಗೆ ಅದೇ ಮೇಲು: ಶಕ್ತಿ ಸುಮಾರು ಎರಡರಷ್ಟು, ಟ್ಯಾಂಕು 17 ಲೀಟರ್. ಆದರೆ ಸೀಟು ಎತ್ತರ. ನಿಂತಾಗ ಎರಡೂ ಪಾದ ನೆಲಕ್ಕೆ ಊರದಿದ್ದರೆ ಇಬ್ಬರನ್ನು ಹೊತ್ತು ಜಲ್ಲಿಯಲ್ಲಿ ನಿಲ್ಲಿಸುವುದು ಕಷ್ಟ, ಆಗ ಕ್ಲಾಸಿಕ್ ಸಾಕು. ಅದರ ಟ್ಯಾಂಕು 13 ಲೀಟರ್, ಆ ದಾರಿಯಲ್ಲಿ ಲೀಟರಿಗೆ 25–28 ಕಿ.ಮೀ. ಎಂದು ಹಿಡಿಯಿರಿ. ಮನಾಲಿಯಿಂದ ಹೋಗುವಾಗ ಕೇಲಾಂಗ್‌ಗೆ ಮೊದಲು ಸಿಗುವ ತಾಂಡಿಯ ಪೆಟ್ರೋಲ್ ಬಂಕಿನ ಪ್ರಸಿದ್ಧ ಬೋರ್ಡು ಮುಂದಿನ ಬಂಕ್ 365 ಕಿ.ಮೀ. ಎನ್ನುತ್ತದೆ. ಐದು ಲೀಟರ್ ಹೆಚ್ಚುವರಿ ಬೇಕು, ಪ್ಲಾಸ್ಟಿಕ್ ಬಾಟಲಿಯಲ್ಲಲ್ಲ, ಲೋಹದ ಕ್ಯಾನಿನಲ್ಲಿ.

ಬೈಕು ಕೊಡುವಾಗ ನಂಬರ್ ಪ್ಲೇಟ್ ನೋಡಿ. ಸವಾರರಿಗೆ ಬಾಡಿಗೆ ಕೊಡುವ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಖಾಸಗಿ ಬೈಕನ್ನು ಬಾಡಿಗೆಗೆ ಪಡೆದು ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಇನ್ನೊಂದು ವಿಷಯ ಪ್ಯಾಕೇಜ್ ಮಾರುವವರು ಮೆಲ್ಲಗೆ ದಾಟಿಸಿಬಿಡುತ್ತಾರೆ: ಮನಾಲಿ ಅಥವಾ ಶ್ರೀನಗರದ ಬಾಡಿಗೆ ಬೈಕು ಲೇಹ್‌ವರೆಗೆ ಬರಬಹುದು, ಅಲ್ಲಿಂದ ನುಬ್ರಾ (ಹುಂಡರ್ ಇರುವ ಕಣಿವೆ), ಪಾಂಗಾಂಗ್ ಕಡೆ ಸ್ಥಳೀಯ ಬಾಡಿಗೆ ಬೈಕಿನವರ ಒಕ್ಕೂಟ ಬಿಡುವುದಿಲ್ಲ. ಲೇಹ್‌ನದೇ ಬಾಡಿಗೆ ಬೈಕು ಬೇಕು. ಆ ಬದಲಿ ಬೈಕು ನಿಮ್ಮ ದರದಲ್ಲಿ ಸೇರಿದೆಯೇ, ಯಾವ ಮಾಡೆಲ್ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಎರಡೂ ಕಡೆ ಬೈಕು ಪಡೆಯುವಾಗ ಸುತ್ತಲೂ ವಿಡಿಯೊ ಮಾಡಿ. ಬಿದ್ದರೆ ರಿಪೇರಿ ಹಣ ಕಡಿಯುವುದು ನಿಮ್ಮ ಠೇವಣಿಯಿಂದ. ಕ್ಲಚ್ ಲಿವರ್ ತುದಿಯಲ್ಲಿ ತುಸು ಸಡಿಲ ಇರಬೇಕು, ಚೈನ್ 20–30 ಮಿ.ಮೀ. ಆಡಬೇಕು, ಮುಂಚಕ್ರ ಎತ್ತಿ ಫೋರ್ಕ್ ಹಿಡಿದು ಹಿಂದೆಮುಂದೆ ಅಲುಗಿಸಿದರೆ ಟಕ್ ಎನ್ನಬಾರದು.

ನಿಮ್ಮ ಹೆಂಡತಿ ಪೂರ್ತಿ ಬೈಕಿನಲ್ಲೇ ಬರಬೇಕೆಂಬ ಹಟ ಬೇಡ. ಬ್ಯಾಕಪ್ ಗಾಡಿಯಲ್ಲಿ ಒಂದು ಸೀಟು ಅವರ ಹೆಸರಿಗೆ ಖಾಲಿ ಇರುವಂತೆ ಮೊದಲೇ ಮಾತಾಡಿಕೊಳ್ಳಿ. ಸಾಮಾನು ತುಂಬಿ ಸೀಟೇ ಇಲ್ಲದ ಗಾಡಿಗಳು ಬೇಕಾದಷ್ಟಿವೆ. ನಾಲಾ (ರಸ್ತೆಗೆ ಅಡ್ಡವಾಗಿ ಹರಿಯುವ ತೊರೆ) ದಾಟುವಾಗಲಂತೂ ಅವರು ಇಳಿಯಲೇಬೇಕು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೂರಕ್ಕೆ ಮೊಣಕಾಲಿಗೆ ಬರುತ್ತದೆ, ಅಡಿಯ ಕಲ್ಲು ಕಾಣುವುದಿಲ್ಲ. ಬೇಗ ಹೊರಡಿಸುವ ತಂಡ ಒಳ್ಳೆಯ ತಂಡ. ಮುಂದಿನ ಬೈಕು ಪೂರ್ತಿ ದಾಟಿದ ಮೇಲೆ ಇಳಿಯಿರಿ: ಒಂದನೇ ಗೇರು, ಒಂದೇ ಸಮ ಆಕ್ಸಲರೇಟರ್, ಕಣ್ಣು ಆಚೆ ದಡದ ಮೇಲೆ, ನಡುವೆ ನಿಲ್ಲಬಾರದು. ಬಿದ್ದು ಇಂಜಿನ್ ನೀರಲ್ಲಿ ನಿಂತರೆ ಸೆಲ್ಫ್ ಒತ್ತಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಹೊರತಂದು, ಮೆಕ್ಯಾನಿಕ್ ಏರ್ ಫಿಲ್ಟರ್ ಮತ್ತು ಪ್ಲಗ್ ಬಿಚ್ಚಿ ನೋಡಲಿ.

ಹಿಂದೆ ಬೀಳುವ ಹೆದರಿಕೆ ಬಿಡಿ. ಸರಿಯಾದ ತಂಡದಲ್ಲಿ ಎಲ್ಲರಿಗಿಂತ ಮುಂದೆ ಲೀಡ್ ಇರುತ್ತಾನೆ, ಅವನನ್ನು ಯಾರೂ ದಾಟುವಂತಿಲ್ಲ. ಎಲ್ಲರಿಗಿಂತ ಹಿಂದೆ ಸ್ವೀಪ್, ಅವನು ಯಾರನ್ನೂ ದಾಟುವುದಿಲ್ಲ. ನಡುವೆ ನಿಮ್ಮ ವೇಗ ನಿಮ್ಮದು. 30–40 ಕಿ.ಮೀ.ಗೊಮ್ಮೆ ಎಲ್ಲರೂ ಸೇರುವ ಜಾಗ ಗೊತ್ತಿರಬೇಕು, ದಾರಿ ಕವಲೊಡೆಯುವಲ್ಲಿ ಒಬ್ಬ ನಿಂತಿರಬೇಕು. ಕೊನೆಯವನಾಗಿ ಸ್ವೀಪ್ ಜೊತೆ ಬರುವವನೇ ಹೆಚ್ಚು ಸುರಕ್ಷಿತ, ಕೆಟ್ಟುನಿಂತರೆ ಮೆಕ್ಯಾನಿಕ್ ಬೆನ್ನಿಗೇ ಇರುತ್ತಾನೆ. ಸೇನೆಯ ಕಾನ್ವಾಯ್ ನಡುವೆ ನುಗ್ಗಬೇಡಿ. ಇಳಿಯುವಾಗ ಹತ್ತುವ ಲಾರಿಗೆ ದಾರಿ ಬಿಡಿ, ನಿಯಮವೂ ಹಾಗೇ ಹೇಳುತ್ತದೆ.

ಜುಲೈ ಮೂರನೇ ವಾರದ ಬಗ್ಗೆಯೂ ಯೋಚಿಸಿ. ಲಡಾಖ್ ಮಳೆನೆರಳಿನ ನಾಡು, ನಿಜ. ಅಲ್ಲಿಗೆ ಹೋಗುವ ಮಂಡಿ–ಮನಾಲಿ ದಾರಿ ಹಾಗಲ್ಲ. ಆಗ ಹಿಮಾಚಲದಲ್ಲಿ ಭರ್ತಿ ಮಳೆ, ಗುಡ್ಡ ಕುಸಿದು ದಿನಗಟ್ಟಲೆ ನಿಲ್ಲಬೇಕಾದೀತು. ಸೆಪ್ಟೆಂಬರ್ ಮೊದಲೆರಡು ವಾರ ಸಿಕ್ಕರೆ ಮಳೆ ಹಿಂದೆ ಸರಿಯುತ್ತಿರುತ್ತದೆ, ನಾಲಾಗಳ ನೀರು ಇಳಿದಿರುತ್ತದೆ, ಆಕಾಶ ತಿಳಿ. ರಾತ್ರಿ ಚಳಿ ಮಾತ್ರ ಜೋರು.

ಮುಂಗಡ ಹೋಗುತ್ತದೆ ಎಂಬ ಚಿಂತೆಗೆ: ರದ್ದು ಮಾಡುವ ಮೊದಲು ಬದಲಾವಣೆ ಕೇಳಿ. ಶ್ರೀನಗರದಿಂದ ಹೊರಡುವ ಬ್ಯಾಚ್ ಅವರಲ್ಲೂ ಇರಬಹುದು, ಹಣವನ್ನು ಅದಕ್ಕೆ ವರ್ಗಾಯಿಸಲು ಹೆಚ್ಚಿನವರು ತಕರಾರು ಮಾಡುವುದಿಲ್ಲ. ಅದಿಲ್ಲದಿದ್ದರೆ ಸರ್ಚು ಬದಲು ಜಿಸ್ಪಾದಲ್ಲಿ ಎರಡು ರಾತ್ರಿ, ಲೇಹ್‌ನಲ್ಲಿ ಎರಡು ರಾತ್ರಿ ಸೇರಿಸಲು ಹೇಳಿ. ದಿನ ಸಾಲದಿದ್ದರೆ ಪಾಂಗಾಂಗ್ ವಾಸ್ತವ್ಯ ಕೈಬಿಡಿ. 4,250 ಮೀಟರಿನಲ್ಲಿರುವ ಆ ಸರೋವರವನ್ನು ಹಗಲು ನೋಡಿ, ರಾತ್ರಿಗೆ ಸುಮಾರು 3,900 ಮೀಟರಿನ ತಾಂಗ್ಟ್ಸೆಗೆ ಇಳಿದರೂ ನಡೆಯುತ್ತದೆ. ಇದ್ಯಾವುದಕ್ಕೂ ಒಪ್ಪದೆ ‘ಎಲ್ಲರೂ ಹೀಗೇ ಹೋಗುತ್ತಾರೆ ಸರ್’ ಎಂದರೆ ಮುಂಗಡ ಹೋದರೂ ಸರಿ, ಬೇರೆ ತಂಡ ಹುಡುಕಿ. ಹೊಸ ತಂಡದವರಿಂದ ಪ್ರತಿ ರಾತ್ರಿಯ ಊರು ಮತ್ತು ಅದರ ಎತ್ತರವನ್ನು ಮೀಟರಿನಲ್ಲಿ ಬರೆಸಿಕೊಂಡು ಆಮೇಲೆ ಹಣ ಕಟ್ಟಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಾಗಲಿ ಲಡಾಖ್‌ನಲ್ಲಾಗಲಿ ಕೆಲಸ ಮಾಡುವುದಿಲ್ಲ. ಇಬ್ಬರಲ್ಲಿ ಒಬ್ಬರ ನಂಬರನ್ನಾದರೂ ಹೊರಡುವ ಎರಡು ವಾರ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿ.